ಕಂದು ಮೈಬಣ್ಣದವರಲ್ಲಿ ಚರ್ಮ, ಕೂದಲು, ಉಗುರು ನೋಡುವುದು ಹೇಗೆ?

ಪುಸ್ತಕದ ಚಿತ್ರಗಳಲ್ಲಿ ಕೆಂಪು, ನೀಲಿ, ಹಳದಿ ಎಲ್ಲವೂ ಎದ್ದು ಕಾಣುತ್ತದೆ, ವಾರ್ಡಿನಲ್ಲಿ ನಮ್ಮ ರೋಗಿಗಳ ಮೈಮೇಲೆ ಏನೂ ಗೊತ್ತಾಗುವುದಿಲ್ಲ ಅಂತ ಕೇಳಿದ್ದೀರಿ. ನರ್ಸಿಂಗ್ ಮೊದಲ ವರ್ಷದಲ್ಲೇ ಈ ಪ್ರಶ್ನೆ ಬಂದಿದ್ದು ಒಳ್ಳೆಯದಾಯಿತು. ಆ ಚಿತ್ರಗಳಲ್ಲಿ ಹೆಚ್ಚಿನವು ಬಿಳಿ ಚರ್ಮದವು. ನಾನು ಚಿಕ್ಕಮಗಳೂರಿನಲ್ಲಿ ನರ್ಸ್. ಇಲ್ಲಿ ಬರುವವರಲ್ಲಿ ಕಾಫಿ ತೋಟದಲ್ಲಿ ಬಿಸಿಲು ಮಳೆಗೆ ಮೈಯೊಡ್ಡಿ ದುಡಿಯುವವರೇ ಜಾಸ್ತಿ.

ಮೊದಲು ಬೆಳಕು. ಟ್ಯೂಬ್‌ಲೈಟ್ ನಂಬಬೇಡಿ, ಕಿಟಕಿ ಪರದೆ ಸರಿಸಿ. ರಕ್ತ ಕಡಿಮೆ ಇದೆಯಾ ಅಂತ ನೋಡಲು ಕೆಳ ರೆಪ್ಪೆಯ ಒಳಭಾಗ, ನಾಲಿಗೆ, ಅಂಗೈ ನೋಡಿ. ಕಾಮಾಲೆಗೆ ಕಣ್ಣಿನ ಬಿಳಿ ಭಾಗ. ಆಕ್ಸಿಜನ್ ಕಡಿಮೆಯಾಗಿ ನೀಲಿಗಟ್ಟಿದೆಯಾ ಅನ್ನೋದಕ್ಕೆ ನಾಲಿಗೆ, ತುಟಿಯ ಒಳಗಡೆ.

ಬೆಡ್ ಸೋರ್, ಅಂದರೆ ಒಂದೇ ಮಗ್ಗುಲಲ್ಲಿ ಮಲಗಿ ಒತ್ತಡದಿಂದ ಆಗುವ ಹುಣ್ಣಿನ ವಿಷಯದಲ್ಲಿ ಮಾತ್ರ ಕಣ್ಣೊಂದೇ ಸಾಲದು. ಒತ್ತಿದರೂ ಹೋಗದ ಕೆಂಪು ಅಂತ ಓದಿರುತ್ತೀರಿ. ಕಪ್ಪು ಮೈಯಲ್ಲಿ ಆ ಕೆಂಪು ಕಾಣದೇ ಇರಬಹುದು. ಸುತ್ತಲಿಗಿಂತ ಕಪ್ಪಗೆ ಅಥವಾ ಸ್ವಲ್ಪ ನೇರಳೆಯಾಗಿ ಕಾಣಬಹುದು, ಅಷ್ಟೇ. ರೋಗಿಯನ್ನು ಮಗ್ಗುಲಿಗೆ ತಿರುಗಿಸಿ, ಸೊಂಟದ ಕೆಳಗಿನ ಮೂಳೆಯ ಮೇಲೆ, ಹಿಮ್ಮಡಿಯ ಮೇಲೆ ನಿಮ್ಮ ಕೈಯ ಹಿಂಭಾಗ ಇಡಿ. ಪಕ್ಕದ ಚರ್ಮಕ್ಕಿಂತ ಬಿಸಿ ಅಥವಾ ತಣ್ಣಗಿದೆಯಾ? ಗಟ್ಟಿಯಾಗಿದೆಯಾ, ಮೆತ್ತಗೆ ಒಳಗೆ ಹೋಗುತ್ತದೆಯಾ? ನೋವಿದೆಯಾ ಅಂತ ಕೇಳಿ. ಇವುಗಳಲ್ಲಿ ಒಂದಿದ್ದರೂ ಸುಮ್ನೆ ಬಿಡಬೇಡಿ. ಜಾಗ, ಅಳತೆ ಬರೆದು ಆಗಲೇ ಸೀನಿಯರ್‌ಗೆ ಹೇಳಿ. ಚರ್ಮ ಒಡೆದ ಮೇಲೆ ಕಂಡುಹಿಡಿಯುವುದು ಯಾರಿಗಾದರೂ ಬರುತ್ತದೆ.

ವಯಸ್ಸಾದವರ ಮೈಯಲ್ಲಿ ನೀರು ಕಡಿಮೆಯಾಗಿದೆಯಾ ಅಂತ ತಿಳಿಯಲು ಕೈಯ ಹಿಂಭಾಗ ಚಿವುಟಬೇಡಿ. ಅಲ್ಲಿ ಚರ್ಮ ಹೇಗೂ ಸಡಿಲ. ಕೊರಳ ಮೂಳೆಯ ಕೆಳಗೆ ಮೆಲ್ಲಗೆ ಎತ್ತಿ ಬಿಟ್ಟು, ಚರ್ಮ ಬೇಗ ಮೊದಲಿನಂತಾಗುತ್ತದೆಯಾ ನೋಡಿ. ಅದರ ಜೊತೆ ಬಾಯಿ ಒಣಗಿದೆಯಾ, ಮೂತ್ರ ಎಷ್ಟು ಹೋಗಿದೆ ಅಂತಲೂ ನೋಡಿ.

ಉಗುರು ನೋಡುವ ಮುಂಚೆ ಏನು ಕೆಲಸ ಮಾಡುತ್ತೀರಿ ಅಂತ ಕೇಳಿ. ಅಡಿಕೆ ಸುಲಿದ ಬೆರಳಿಗೆ ಚೊಗರು ಹತ್ತಿರುತ್ತದೆ, ಅದು ರೋಗವಲ್ಲ. ನೇಲ್ ಪಾಲಿಶ್ ಇದ್ದರೆ ತೆಗೆಸಿ, ಮೆಹಂದಿ ಇದ್ದರೆ ಬಣ್ಣ ಹತ್ತದ ಬೆರಳು ಹುಡುಕಿ. ರಕ್ತದ ಓಡಾಟ ತಿಳಿಯಲು ಉಗುರು ಒತ್ತಿ ಬಿಟ್ಟರೆ ದೊಡ್ಡವರಲ್ಲಿ ಸಾಮಾನ್ಯವಾಗಿ 2 ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಕೈ ತಣ್ಣಗಿದ್ದರೆ ತಡವಾಗುತ್ತದೆ. ನಮ್ಮ ಮಳೆಗಾಲದಲ್ಲಿ ಇದನ್ನು ಮರೆಯಬೇಡಿ. ಚಮಚದ ಹಾಗೆ ಗುಳಿ ಬಿದ್ದ ಉಗುರು ಕಂಡರೆ ಕಬ್ಬಿಣದ ಕೊರತೆ ಯೋಚಿಸಿ. ಬರಿಗಾಲಲ್ಲಿ ಓಡಾಡುತ್ತಾರಾ ಅಂತಲೂ ಕೇಳಿ, ಕರುಳಲ್ಲಿ ರಕ್ತ ಹೀರುವ ಕೊಕ್ಕೆಹುಳು ಪಾದದ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ.

ತಿಳಿ ಬಣ್ಣದ ಮಚ್ಚೆ ಇದ್ದರೆ ಅಲ್ಲಿ ಸ್ಪರ್ಶ ಗೊತ್ತಾಗುತ್ತದೆಯಾ ಅಂತ ಹತ್ತಿಯಿಂದ ಮುಟ್ಟಿ ನೋಡಿ. ಗೊತ್ತಾಗದಿದ್ದರೆ ಕುಷ್ಠ ಇರಬಹುದು. ರೋಗಿಯ ಮುಂದೆ ಆ ಹೆಸರು ಎತ್ತದೆ ಡಾಕ್ಟರಿಗೆ ಹೇಳಿ.

ಕೂದಲಲ್ಲಿ ಹೇನು, ಹೊಟ್ಟು, ಉದುರುವಿಕೆ ಎಲ್ಲರೂ ನೋಡುತ್ತಾರೆ. ಕಾಡಂಚಿನಿಂದ ಜ್ವರ ಅಂತ ಬಂದವರಲ್ಲಿ ಕಿವಿಯ ಹಿಂದೆ, ಕೂದಲಿನ ಬುಡ, ಕಂಕುಳು, ತೊಡೆಸಂದಿನಲ್ಲಿ ಉಣ್ಣೆ (ರಕ್ತ ಹೀರುವ ಉಣುಗು) ಹುಡುಕಿ. ಮಂಗನ ಕಾಯಿಲೆ ಹರಡುವುದು ಹೆಚ್ಚಾಗಿ ಅದರಿಂದಲೇ. ಮರಿ ಉಣ್ಣೆ ತೀರಾ ಚಿಕ್ಕದು, ಕಚ್ಚಿ ಉದುರಿಯೂ ಹೋಗಿರಬಹುದು. ಹಾಗಾಗಿ ಸಿಗಲಿಲ್ಲ ಅಂತ ನಿಲ್ಲಿಸದೆ, ಕಾಡಿಗೆ ಹೋಗಿದ್ದಿರಾ, ಹತ್ತಿರದಲ್ಲಿ ಮಂಗ ಸತ್ತಿತ್ತಾ ಅಂತ ಕೇಳಿ ಕೇಸ್ ಶೀಟಿನಲ್ಲಿ ಬರೆಯಿರಿ.