ಕರಡಿಗೆ ಮಿಶಾ ಎಂಬ ಹೆಸರೇಕೆ?

ಪ್ರಶ್ನೆ: ಕನ್ನಡಕ್ಕೆ ಬಂದಿರುವ ರಷ್ಯನ್ ಮಕ್ಕಳ ಕಥೆಗಳಲ್ಲಿ ಕರಡಿಯನ್ನು ಮಿಶಾ, ಮಿಶ್ಕಾ ಎಂದು ಕರೆಯುತ್ತಾರೆ, ಅದೇ ಹೆಸರಿನ ಹುಡುಗರೂ ಇದ್ದಾರೆ. ಆ ಹೆಸರಿಗೆ ಕರಡಿ ಎಂದೇ ಅರ್ಥವೇ? ನಮ್ಮಲ್ಲಿಯೂ ಇಂಥ ರೂಢಿಯುಂಟೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಹೆಸರಿನ ಮೂಲದಲ್ಲಿ ಕರಡಿಯ ಸುಳಿವೇ ಇಲ್ಲ. ಮಿಖಾಯಿಲ್ ಎಂಬುದು ‘ದೇವರಿಗೆ ಸಮಾನರಾರು?’ ಎಂಬ ಅರ್ಥದ ಹೀಬ್ರೂ ಹೆಸರು. ನಮ್ಮ ರಂಗನಾಥನು ಮನೆಯಲ್ಲಿ ರಂಗನಾಗುವಂತೆ ಅವನು ಮಿಶಾ ಆಗುತ್ತಾನೆ, ಸಲಿಗೆ ಹೆಚ್ಚಿದರೆ ಮಿಶ್ಕಾ, ಮುದ್ದು ಉಕ್ಕಿದರೆ ಮಿಶುತ್ಕಾ. ರಷ್ಯನ್ ಬರಹದಲ್ಲಿ ಸಾಮಾನ್ಯವಾಗಿ ಮಿಶ್ಕಾ ಪದದ ಮೊದಲಕ್ಷರ ದೊಡ್ಡದಾಗಿದ್ದರೆ ಹುಡುಗ, ಚಿಕ್ಕದಾಗಿದ್ದರೆ ಕರಡಿ.

ಕರಡಿಗೆ ಆ ಭಾಷೆಯಲ್ಲಿರುವ ಪದ ಮೆದ್ವೇದ್, ಅಂದರೆ ಜೇನು ತಿನ್ನುವುದು. ಸಂಸ್ಕೃತದ ಋಕ್ಷ, ಗ್ರೀಕಿನ ಆರ್ಕ್ಟೋಸ್, ಲ್ಯಾಟಿನ್ನಿನ ಉರ್ಸುಸ್ ಒಂದೇ ಬೇರಿನವಾದರೂ ರಷ್ಯನ್ ಸೇರಿರುವ ಸ್ಲಾವ್ ಕುಟುಂಬದ ಭಾಷೆಗಳಲ್ಲಿ ಆ ಹಳೆಯ ಪದ ಉಳಿಯಲಿಲ್ಲ; ಹೆಸರೆತ್ತಿದರೆ ಮೃಗವೇ ಎದುರಾದೀತೆಂಬ ಅಂಜಿಕೆಯಿಂದ ಬೇಟೆಗಾರರು ಅದನ್ನು ಬಿಟ್ಟಿರಬೇಕೆಂದು ಭಾಷಾಶಾಸ್ತ್ರಜ್ಞರು ವಿವರಿಸುತ್ತಾರೆ. ಹಾವು ಕಚ್ಚಿತೆನ್ನಲು ಹಿಂಜರಿದು ‘ಹುಳ ಮುಟ್ಟಿತು’ ಎನ್ನುವ ನಮ್ಮ ಹಳ್ಳಿಗರಿಗೆ ಇದು ಹೊಸದೇನಲ್ಲ. ಹೀಗೆ ಅಂಜಿಕೆಯ ಪ್ರಾಣಿಯನ್ನು ನೆರೆಮನೆಯವನ ಹೆಸರಿನಿಂದ ಕರೆದು ಪಳಗಿಸಿಕೊಳ್ಳುವುದು ಮುಂದಿನ ಹೆಜ್ಜೆಯೆಂದು ನನಗೆ ತೋರುತ್ತದೆ. ಜನಪದ ಕಥೆಗಳಲ್ಲಿ ಅವನಿಗೆ ತಂದೆಯ ಹೆಸರು, ಮನೆತನದ ಹೆಸರುಗಳನ್ನೂ ಕೂಡಿಸಿ, ಮಿಖಾಯಿಲ್ ಪೊತಾಪಿಚ್ ತೊಪ್ತೀಗಿನ್ ಎಂದು ಗೌರವಿಸಿದ್ದಾರೆ. ಕೊನೆಯ ಪದದಲ್ಲಿ ನೆಲ ತುಳಿಯುವ ಭಾರಿ ಹೆಜ್ಜೆಯ ಧ್ವನಿಯಿದೆ.

ಮೆದ್ವೇದ್, ಮಿಶಾ ಎರಡೂ ಮಕಾರದಿಂದ ಆರಂಭವಾಗುವುದು ಈ ನಂಟಿಗೆ ನೆರವಾಗಿರಬಹುದು. ಹುಂಜಕ್ಕೆ ಪೆತೂಖ್ ಎನ್ನುತ್ತಾರೆ, ಅದರ ಮುದ್ದಿನ ಹೆಸರು ಪೇತ್ಯಾ. ಅದು ಬಂಡೆಯೆಂಬ ಅರ್ಥದ ಪ್ಯೋತರ್ ಎಂಬುದರ ಕಿರುರೂಪ. ಬೆಕ್ಕಿನ ವಿಷಯದಲ್ಲಿ ಮಾತ್ರ ಈ ತರ್ಕ ನಡೆಯದು: ಅದು ಕೋತ್, ಆದರೂ ವಸೀಲಿಯ ಕಿರುರೂಪವಾದ ವಾಸ್ಕಾ ಎಂಬ ಹೆಸರು ಅದಕ್ಕೆ ಅಂಟಿಕೊಂಡಿದೆ. ಇನ್ನು 1980ರ ಮಾಸ್ಕೋ ಒಲಿಂಪಿಕ್ಸ್‌ಗೆ ವಿಕ್ತೊರ್ ಚಿಝಿಕೊವ್ ಚಿತ್ರಿಸಿದ ಲಾಂಛನದ ಕರಡಿಮರಿಯಿಂದಾಗಿ ಮಿಶಾ ಎಂಬ ಹೆಸರು ಲೋಕಕ್ಕೆಲ್ಲ ಪರಿಚಿತವಾಯಿತು.

ಫ್ರಾನ್ಸಿನಲ್ಲಿ ಇದು ಇನ್ನೂ ಮುಂದೆ ಹೋಯಿತು. ಅಲ್ಲಿ ನರಿಜಾತಿಯ ಪ್ರಾಣಿಗೆ ಗುಪಿಲ್ ಎಂಬ ಪದವಿತ್ತು. ಮಧ್ಯಯುಗದ ಕಥೆಗಳಲ್ಲಿನ ಧೂರ್ತ ನರಿಗೆ ಕೊಟ್ಟಿದ್ದ ರೆನಾರ್ ಎಂಬ ಜರ್ಮನಿಕ್ ಮೂಲದ ಗಂಡಸಿನ ಹೆಸರೇ ಗೆದ್ದು, ಇಂದು ನರಿಗೆ ರೆನಾರ್ ಎಂಬುದೇ ಸಾಮಾನ್ಯ ಪದವಾಗಿದೆ.

ನಮ್ಮಲ್ಲಿ ಇದಕ್ಕೆ ಹತ್ತಿರವಾದದ್ದು ಗಿಣಿರಾಮ. ಪಂಜರದ ಹಕ್ಕಿಗೆ ರಾಮನಾಮ ಕಲಿಸುವ ಅಭ್ಯಾಸವೂ ಅದಕ್ಕೆ ಹೊಂದುತ್ತದೆ. ಬಸವನದು ತಿರುವುಮುರುವು: ವೃಷಭ ಎಂಬ ಪ್ರಾಣಿವಾಚಕ ಪದವೇ ತದ್ಭವವಾಗಿ ಬಸವನಾಗಿ ಮನುಷ್ಯರ ಹೆಸರಾಯಿತು. ಹೀಗಾಗಿ ಬಸವಣ್ಣ, ಬಸವರಾಜರು ಮನೆಮನೆಯಲ್ಲಿರುವಾಗಲೂ ತಲೆಯಾಡಿಸುತ್ತ ಬೀದಿಗೆ ಬರುವ ಕೋಲೆಬಸವನದು ಎರವಲು ಹೆಸರಲ್ಲ, ಮೂಲದ ಹಕ್ಕು ಅದರದೇ.