ಪಾಸಿಟಿವ್ ಅಂದರೆ ಒಳ್ಳೆಯದು ಅಂತ ಯಾರು ಹೇಳಿದ್ದು?

ಪ್ರಶ್ನೆ: ದೇಹದಲ್ಲಿ ಪಾಸಿಟಿವ್ ಫೀಡ್‌ಬ್ಯಾಕ್ ಜಾಸ್ತಿ ಮಾಡಿಕೊಂಡು ನೆಗೆಟಿವ್ ಫೀಡ್‌ಬ್ಯಾಕ್ ಕಡಿಮೆ ಮಾಡಲು ಏನು ಮಾಡಬೇಕು?

ಉತ್ತರ: ಏನೂ ಮಾಡಬೇಡಿ. ಈ ಪ್ರಶ್ನೆಗೆ ಉತ್ತರಿಸಿ ಸಾಕಾಗಿದೆ. ಸಕ್ಕರೆ ಏರಿದರೆ ಇನ್ಸುಲಿನ್ ಬಂದು ಇಳಿಸುವುದು, ಮೈ ಕಾದರೆ ಬೆವರುವುದು, ಇವೆಲ್ಲ ನೆಗೆಟಿವ್ ಫೀಡ್‌ಬ್ಯಾಕೇ, ಅಂದರೆ ಏರುಪೇರಾದದ್ದನ್ನು ಮತ್ತೆ ಹದಕ್ಕೆ ತರುವುದು. ಅದು ನಿಂತರೆ ನಾವು ಉಳಿಯುವುದಿಲ್ಲ. ಪಾಸಿಟಿವ್ ಅಂದರೆ ಆದದ್ದೇ ಇನ್ನಷ್ಟು ಆಗುವಂತೆ ತಳ್ಳುವುದು, ಅಷ್ಟೇ. ಮೈಕನ್ನು ಸ್ಪೀಕರ್ ಮುಂದೆ ಹಿಡಿದರೆ ಕಿವಿ ಸೀಳುವಂತೆ ಕೀರಲು ಹೊಡೆಯುತ್ತದಲ್ಲ, ಅದೂ ಇದೇ.

ಪ್ರಶ್ನೆ: ಆರು ತಿಂಗಳಿಂದ ರಾತ್ರಿ ಮಲಗಿದ ಮೇಲೆ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳುತ್ತದೆ. ಕೈಗಡಿಯಾರದಲ್ಲಿ ನೋಡಿದರೆ ಬಡಿತ ಏರುತ್ತಲೇ ಇರುತ್ತದೆ. ಬೆರಳು ಜುಮ್ ಅನ್ನುತ್ತದೆ, ಸತ್ತೇಹೋಗುತ್ತೇನೆ ಅನ್ನಿಸುತ್ತದೆ. ಇಸಿಜಿ, ಥೈರಾಯ್ಡ್ ಎಲ್ಲ ಸರಿ ಇದೆ ಅಂತಾರೆ ಡಾಕ್ಟರು. ಹಾಗಾದರೆ ಇದೆಲ್ಲ ನನ್ನ ಕಲ್ಪನೆಯಾ?

ಉತ್ತರ: ಕಲ್ಪನೆ ಅಲ್ಲ. ಬಡಿತ ನಿಜ, ಜುಮ್ ಅನ್ನುವುದೂ ನಿಜ. ತಪ್ಪಿರುವುದು ಅದಕ್ಕೆ ನೀವು ಕೊಡುತ್ತಿರುವ ಅರ್ಥ.

ಮಲಗಿದ್ದೀರಿ. ಎದೆ ಒಮ್ಮೆ ಧಡ್ ಅಂತು. ಬೇರೆ ದಿನವಾಗಿದ್ದರೆ ಮಗ್ಗುಲು ಬದಲಿಸಿ ನಿದ್ದೆ ಹೋಗುತ್ತಿದ್ದಿರಿ. ಇವತ್ತು ಕೈ ಎತ್ತಿ ಗಡಿಯಾರ ನೋಡಿದಿರಿ. 96. ಸುಮ್ನೆ ಮಲಗಿರುವಾಗ 96 ಯಾಕೆ? ಈ ಗಾಬರಿಗೆ ಅಡ್ರಿನಲಿನ್ ಸುರಿಯುತ್ತದೆ. ಅದರ ಕೆಲಸವೇ ಬಡಿತ ಏರಿಸುವುದು. ಮತ್ತೆ ನೋಡಿದಿರಿ, 112. ಉಸಿರು ಜೋರಾಯಿತು. ಬೇಕಾದದ್ದಕ್ಕಿಂತ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಯಿತು. ಅದು ಕಡಿಮೆಯಾದರೆ ಮಿದುಳಿನ ರಕ್ತನಾಳ ಸ್ವಲ್ಪ ಕಿರಿದಾಗುತ್ತವೆ, ತಲೆ ತಿರುಗುತ್ತದೆ, ಬೆರಳ ತುದಿ ಜುಮ್ ಅನ್ನುತ್ತದೆ. ಇನ್ನೇನು, ಮುಗಿಯಿತು ಅನ್ನಿಸುತ್ತದೆ. 128. ಗಡಿಯಾರ ಸುಳ್ಳು ಹೇಳುತ್ತಿಲ್ಲ. ಆದರೆ ಆ 128 ಆದದ್ದರಲ್ಲಿ ನೀವು ಗಡಿಯಾರ ನೋಡಿದ್ದರ ಪಾಲು ದೊಡ್ಡದು. ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲೇ ಈ ಸುತ್ತನ್ನು ಬಿಡಿಸಿ ಬರೆದಿದ್ದಾರೆ.

ಇದೂ ಪಾಸಿಟಿವ್ ಫೀಡ್‌ಬ್ಯಾಕೇ. ಇಂಥ ಸುತ್ತು ಕಂಡಾಗ ನಾನು ಮೊದಲು ಕೇಳುವುದು ಇದನ್ನು ನಿಲ್ಲಿಸುವುದು ಯಾವುದು ಅಂತ. ಹೆರಿಗೆಯಲ್ಲಿ ಮಗುವಿನ ತಲೆ ಗರ್ಭಕೋಶದ ಬಾಯನ್ನು ಒತ್ತುತ್ತದೆ, ಆಕ್ಸಿಟೋಸಿನ್ ಅನ್ನುವ ಹಾರ್ಮೋನು ಏರುತ್ತದೆ, ನೋವು ಬಲವಾಗುತ್ತದೆ, ತಲೆ ಇನ್ನೂ ಒತ್ತುತ್ತದೆ. ಮಗು ಹೊರಗೆ ಬಂತು, ಒತ್ತುವುದಕ್ಕೆ ಏನೂ ಉಳಿಯಲಿಲ್ಲ, ಸುತ್ತು ಮುಗಿಯಿತು. ನರದಲ್ಲಿ ಸಂದೇಶ ಹರಿಯುವಾಗ ಸೋಡಿಯಂ ಒಳಬಿಡುವ ಬಾಗಿಲು ತೆರೆದಷ್ಟೂ ಇನ್ನಷ್ಟು ಬಾಗಿಲು ತೆರೆದುಕೊಳ್ಳುತ್ತವೆ. ಆದರೆ ಸುಮಾರು ಒಂದು ಮಿಲಿಸೆಕೆಂಡಿನಲ್ಲೇ ತಾವಾಗಿ ಕೆಲಸ ನಿಲ್ಲಿಸುತ್ತವೆ. ನಿಮ್ಮ ಗಾಬರಿಗೂ ಬ್ರೇಕ್ ಇದೆ. ಅಡ್ರಿನಲಿನ್ ರಕ್ತದಲ್ಲಿ ಕೆಲವೇ ನಿಮಿಷ ಉಳಿಯುತ್ತದೆ. ಗಾಬರಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ.

ಅದು ತಾನಾಗಿ ಇಳಿಯುವುದನ್ನು ನೀವು ಒಂದು ಸಲವೂ ನೋಡಿರಲಿಕ್ಕಿಲ್ಲ. ಅಷ್ಟರಲ್ಲಿ ಎದ್ದು ಮುಖ ತೊಳೆದಿರುತ್ತೀರಿ, ಮನೆಯವರನ್ನು ಎಬ್ಬಿಸಿರುತ್ತೀರಿ. ಇಳಿಸಿದ ಹೆಸರು ಅವಕ್ಕೆ ಹೋಗುತ್ತದೆ. ಹಾಯೆನಿಸಿದ್ದರಿಂದ ಮುಂದಿನ ಸಲವೂ ಅದನ್ನೇ ಮಾಡುತ್ತೀರಿ. ಕಲಿಕೆಯ ಭಾಷೆಯಲ್ಲಿ ಇದಕ್ಕೆ ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್ ಅನ್ನುತ್ತಾರೆ. (ಹಾಗಂದರೆ ಶಿಕ್ಷೆ ಅಲ್ಲ. ಅದನ್ನು ಕೇಳಿ ಬರೆದವರಿಗೆಲ್ಲ ಇದೇ ಉತ್ತರ.)

ಆದ್ದರಿಂದ ರಾತ್ರಿ ಗಡಿಯಾರ ಬಿಚ್ಚಿ ಬೇರೆ ಕೋಣೆಯಲ್ಲಿಡಿ. ಅದರ ಫೋಟೋ ತೆಗೆದು ನನಗೂ ಕಳಿಸಬೇಡಿ. ಕಾಗದದ ಚೀಲದಲ್ಲಿ ಉಸಿರಾಡುವ ಹಳೇ ಉಪಾಯ ಬೇಡ. ಹೃದಯ ಅಥವಾ ಶ್ವಾಸಕೋಶದ ತೊಂದರೆ ಇದ್ದವರಿಗೆ ಅದು ಅಪಾಯ. ಸಿಬಿಟಿ (ಯೋಚನೆ, ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ) ಕಲಿತ ಮನಶ್ಶಾಸ್ತ್ರಜ್ಞರನ್ನು ನೋಡಿ. ಅವರು ನಿಮ್ಮನ್ನು ಮೆಟ್ಟಿಲು ಹತ್ತಿ ಇಳಿಸಿ, ಕುರ್ಚಿಯಲ್ಲಿ ಗಿರಗಿರ ತಿರುಗಿಸಿ, ಬೇಕಂತಲೇ ಎದೆ ಬಡಿಸುತ್ತಾರೆ. ವಿಚಿತ್ರ ಅನ್ನಿಸಬಹುದು. ಬಡಿತ ಏರಿದರೂ ಏನೂ ಆಗಲ್ಲ ಅಂತ ಮೈ ಕಲಿಯುವುದು ಹಾಗೆಯೇ. ಮಾತ್ರೆ ಬೇಕಾದರೆ ಮನೋವೈದ್ಯರು ಹೇಳುತ್ತಾರೆ. ‘ನರಶುದ್ಧಿ’ ಪುಡಿ ಮಾರುವವರು, ಒಂದು ವಾರದಲ್ಲಿ ಭಯ ಬುಡಸಹಿತ ಕೀಳುತ್ತೇವೆ ಅನ್ನುವವರು ನಿಮ್ಮ ಭಯದಿಂದಲೇ ಬದುಕುತ್ತಿದ್ದಾರೆ.

ಒಂದು ಮಾತು, ನಾನು ಹೆದರಿಕೆಯ ಮನುಷ್ಯ ಅಂದುಕೊಂಡರೂ ಪರವಾಗಿಲ್ಲ. ಯಾವತ್ತಾದರೂ ಹೊಸ ಥರದ ಎದೆನೋವು ಬಂದರೆ, ಅದು ತೋಳಿಗೋ ದವಡೆಗೋ ಹರಿದರೆ, ಮೈ ತಣ್ಣಗೆ ಬೆವರಿದರೆ, ಕಣ್ಣು ಕತ್ತಲಿಟ್ಟರೆ, ಈ ಅಂಕಣ ನೆನೆಸಿಕೊಂಡು ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಮಗಳು ಓದಲು ಹಿಂದೆ. ದಿನವೂ ‘ನೀನು ಜಾಣೆ’ ಅಂತ ಹೊಗಳುತ್ತಿದ್ದೇನೆ. ಸಾಕಾ?

ಉತ್ತರ: ಸಾಲದು. ಓದಲು ಬರುವ ಮಗು ಜಾಸ್ತಿ ಓದುತ್ತದೆ, ಓದಿದಷ್ಟೂ ಪದ ಸಿಗುತ್ತವೆ, ಓದು ಇನ್ನೂ ಸಲೀಸಾಗುತ್ತದೆ. ಬಾರದ ಮಗು ಪುಸ್ತಕದಿಂದ ತಪ್ಪಿಸಿಕೊಳ್ಳುತ್ತದೆ, ಅಂತರ ಬೆಳೆಯುತ್ತದೆ. ಇದೂ ಅಂಥದೇ ಸುತ್ತು. ಮನಶ್ಶಾಸ್ತ್ರಜ್ಞ ಕೀತ್ ಸ್ಟಾನೊವಿಚ್ ಇದನ್ನೂ 1986ರಲ್ಲೇ ತೋರಿಸಿದರು. ಅವಳಿಗೆ ಬರುವುದಕ್ಕಿಂತ ಒಂದು ಮೆಟ್ಟಿಲು ಸುಲಭದ ಪುಸ್ತಕ ಕೊಟ್ಟು ಪಕ್ಕದಲ್ಲಿ ಕೂತು ಓದಿಸಿ. ಆಗಲೂ ಅಕ್ಷರ ಕಲಸಿಹೋದರೆ ಡಿಸ್ಲೆಕ್ಸಿಯಾ (ಓದುವುದೇ ಕಷ್ಟವಾಗುವ ಕಲಿಕೆಯ ತೊಂದರೆ) ಪರೀಕ್ಷೆ ಮಾಡಿಸಿ, ಬೈಯಬೇಡಿ. ಹೊಗಳುವುದಾದರೆ ಏನು ಮಾಡಿದಳೋ ಅದನ್ನು ಹೊಗಳಿ: ‘ಆ ಉದ್ದದ ಪದ ಬಿಡಿಸಿ ಓದಿದೆಯಲ್ಲ’ ಅಂತ.

ಪ್ರಶ್ನೆ: ಜೀವಕೋಶಗಳಲ್ಲಿ ಪಾಸಿಟಿವ್ ಫೀಡ್‌ಬ್ಯಾಕ್ ಹೆಚ್ಚಿಸುವ ಕಡಗ ಹಾಕಿಕೊಳ್ಳಬಹುದಾ?

ಉತ್ತರ: ಚಂದ ಕಂಡರೆ ಹಾಕಿಕೊಳ್ಳಿ.

ಪ್ರಶ್ನೆ: ಬುಟ್ಟಿಯಲ್ಲಿ ಒಂದು ಹಣ್ಣು ಮಾಗಿದರೆ ಉಳಿದ ಕಾಯಿಗಳೂ ಬೇಗ ಮಾಗುತ್ತವೆ. ಇದೂ ಅದೇನಾ?

ಉತ್ತರ: ಅದೇ. ಅಬ್ಬ, ಒಂದು ಒಳ್ಳೆ ಪ್ರಶ್ನೆ ಬಂತು! ಮಾಗುವ ಹಣ್ಣು ಎಥಿಲೀನ್ ಅನಿಲ ಬಿಡುತ್ತದೆ. ಅದು ತಾಗಿದ ಪಕ್ಕದ ಕಾಯಿ ಮಾಗತೊಡಗಿ ತಾನೂ ಎಥಿಲೀನ್ ಬಿಡುತ್ತದೆ. ಎಲ್ಲ ಕಾಯಿಯೂ ಹೀಗಲ್ಲ, ಮಾವು, ಬಾಳೆ, ಸೇಬು ಹೀಗೆ. ತಡ ಮಾಡಬೇಕೆಂದರೆ ಹಣ್ಣಾದದ್ದನ್ನು ತೆಗೆದು ಬೇರೆ ಕಡೆ ಇಡಿ.