ಟಿಕೆಟ್ ತಗೊಂಡವರೇ ಸಿನಿಮಾ ಬದಲಿಸಿದರು

ಪ್ರಶ್ನೆ: ಶರಣು ಸರ್. ಅಪ್ಪ ಕಾಲೇಜಿನಲ್ಲಿದ್ದಾಗ ಗೆಳೆಯರ ಜೊತೆ ಒಂದೇ ಸಿನಿಮಾನ ಐದಾರು ಸಲ ನೋಡುತ್ತಿದ್ದರಂತೆ. ‘ನಾವು ನೋಡಿದ್ದಕ್ಕೇ ಅಂಥ ಸಿನಿಮಾ ಬಂದವು’ ಅಂತಾರೆ. ಅಮೆರಿಕದಲ್ಲೂ ಹೀಗೇ ಆಯಿತಾ?
– ಬಿ.ಎ. ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಶರಣು ತಂಗಿ. ಅಪ್ಪನ ಮಾತು ಅಮೆರಿಕಕ್ಕೆ ಸರಿಯಾಗಿ ಹೊಂದುತ್ತದೆ.

1946ರ ಹೊತ್ತಿಗೆ ಅಲ್ಲಿ ಟಾಕೀಸಿಗೆ ಹೋಗುವುದು ಅಂದರೆ ವಾರದ ಸಂತೆಗೆ ಹೋದ ಹಾಗೆ. ಯಾವ ಸಿನಿಮಾ ಅಂತ ಜಾಸ್ತಿ ಕೇಳುತ್ತಿರಲಿಲ್ಲ, ಮನೆಮಂದಿಯೆಲ್ಲ ಹೋಗುತ್ತಿದ್ದರು. ಆಮೇಲೆ ಎರಡನೇ ಮಹಾಯುದ್ಧ ಮುಗಿಸಿ ಬಂದವರು ಮದುವೆಯಾಗಿ, ಊರಾಚೆಯ ಹೊಸ ಬಡಾವಣೆಗಳಲ್ಲಿ ಮನೆ ಮಾಡಿ, ಮಕ್ಕಳನ್ನು ಸಾಕುತ್ತಾ ಕೂತರು, 1950ರ ದಶಕದಲ್ಲಿ ಟಿ.ವಿ. ಕೂಡ ಮನೆಗೆ ಬಂತು. ದೊಡ್ಡವರು ಟಾಕೀಸು ಕಡಿಮೆ ಮಾಡಿದರು. ಬಿಡದೆ ಬಂದವರು ಅವರ ಮಕ್ಕಳು.

1946ರಿಂದ 1964ರವರೆಗೆ ಹುಟ್ಟಿದ ಈ ಮಕ್ಕಳ ರೂಢಿಯೇ ಬೇರೆ. ಅಪ್ಪ-ಅಮ್ಮನ ಜೊತೆ ಅಲ್ಲ, ಗೆಳೆಯರ ಜೊತೆ ಬರುತ್ತಿದ್ದರು. ವಾರ ಬಂತು ಅಂತ ಅಲ್ಲ, ಆ ಸಿನಿಮಾನೇ ಬೇಕು ಅಂತ ಬರುತ್ತಿದ್ದರು. ದೊಡ್ಡ ಕಂಪನಿಗಳಿಗೆ ಇದು ಬೇಗ ಅರ್ಥವಾಗಲಿಲ್ಲ. ಕೋಟಿಗಟ್ಟಲೆ ಸುರಿದು ಹಾಡು-ಕುಣಿತದ ಸಿನಿಮಾ ಮಾಡಿ ನಷ್ಟ ಮಾಡಿಕೊಂಡರು. 1969ರಲ್ಲಿ ಇಬ್ಬರು ಹುಡುಗರು ಮೋಟಾರ್ ಸೈಕಲ್ ಹತ್ತಿ ದೇಶ ಸುತ್ತುವ ‘ಈಸಿ ರೈಡರ್’ ಬಂತು, ಸಣ್ಣ ಖರ್ಚಿನದು, ದೊಡ್ಡ ಗಳಿಕೆ ಮಾಡಿತು. ಆಗ ಹೊಸ ನಿರ್ದೇಶಕರಿಗೆ ಬಾಗಿಲು ತೆರೆಯಿತು.

ನನ್ನ ಕೇಳಿದರೆ, ನಿಜವಾದ ಬದಲಾವಣೆ ಕಥೆಯಲ್ಲಿ ಅಲ್ಲ, ಸಿನಿಮಾ ಊರಿಗೆ ಬರುವ ರೀತಿಯಲ್ಲಿ ಆಯಿತು. ಮೊದಲು ದೊಡ್ಡ ಊರುಗಳಲ್ಲಿ ಓಡಿ, ಪ್ರಿಂಟ್ ಸವೆದ ಮೇಲೆ ಸಣ್ಣ ಊರಿಗೆ ಬರುತ್ತಿತ್ತು. ಬೆಂಗಳೂರಲ್ಲಿ ನೂರು ದಿನ ಆದ ಸಿನಿಮಾಕ್ಕೆ ಚಿಂಚೋಳಿಯವರು, ಸೇಡಂನವರು ಕಾದು ಕೂತಿದ್ದು ನೆನಪಿದೆಯಾ ಅಂತ ಅಪ್ಪನ್ನ ಕೇಳಿ. 1975ರ ಜೂನ್‌ನಲ್ಲಿ ಶಾರ್ಕ್ ಮೀನಿನ ಸಿನಿಮಾ ‘ಜಾಸ್’ ಅಮೆರಿಕದಲ್ಲಿ ಒಂದೇ ದಿನ 400ಕ್ಕೂ ಹೆಚ್ಚು ಟಾಕೀಸುಗಳಲ್ಲಿ ಬಿಡುಗಡೆಯಾಯಿತು. ಟಿ.ವಿ.ಯಲ್ಲಿ ಮೊದಲೇ ಜಾಹೀರಾತು ಹೊಡೆದಿದ್ದರು. ಅಲ್ಲಿ ಆಗ ಬೇಸಿಗೆ, ಶಾಲೆ-ಕಾಲೇಜಿಗೆ ರಜೆ, ಹೊರಗೆ ಸೆಕೆ, ಒಳಗೆ ತಂಪು. ಏಪ್ರಿಲ್-ಮೇ ಬಿಸಿಲು ಕಂಡ ನಮಗೆ ಇದನ್ನ ಬಿಡಿಸಿ ಹೇಳಬೇಕಾ? 1977ರ ಬಾಹ್ಯಾಕಾಶ ಯುದ್ಧದ ಸಿನಿಮಾ ‘ಸ್ಟಾರ್ ವಾರ್ಸ್’ ಮೊದಲ ದಿನ 50 ಟಾಕೀಸಿನಲ್ಲೂ ಇರಲಿಲ್ಲ. ಹುಡುಗರು ಮತ್ತೆ ಮತ್ತೆ ನೋಡಿದ್ದೇ ಅದನ್ನ ತಿಂಗಳುಗಟ್ಟಲೆ ಓಡಿಸಿತು. ನಿಮ್ಮ ಅಪ್ಪನ ಐದಾರು ಸಲ ಇದೇ ಅಲ್ವಾ!

ಆಮೇಲಿನದು ನನಗೆ ನೋವು. ಮತ್ತೆ ಮತ್ತೆ ಬರುವವರಿಗಾಗಿ ಬೇಸಿಗೆಯ ದೊಡ್ಡ ಸಿನಿಮಾ, ಅದರ ಎರಡನೇ ಭಾಗ, ಮೂರನೇ ಭಾಗ ಜಾಸ್ತಿಯಾದವು. ನಲವತ್ತು ದಾಟಿದವರ ಬದುಕಿನ ಕಥೆಗೆ ಜಾಗ ಕಡಿಮೆಯಾಯಿತು.

ಪ್ರಶ್ನೆ: ಕಾರಿನಲ್ಲೇ ಕೂತು ಸಿನಿಮಾ ನೋಡುವ ಟಾಕೀಸು ಅಲ್ಲಿ ನಿಜವಾಗಿಯೂ ಇದ್ದವಾ?
– ಓದುಗರು, ಹುಮನಾಬಾದ್

ಉತ್ತರ: ಇದ್ದವು ಅಣ್ಣಾ, ಈಗಲೂ ಕೆಲವು ಇವೆ. ಡ್ರೈವ್-ಇನ್ ಅಂತಾರೆ. ಮೊದಲನೆಯದು 1933ರಲ್ಲಿ ನ್ಯೂಜೆರ್ಸಿಯ ಕ್ಯಾಮ್ಡೆನ್ ಹತ್ತಿರ ಶುರುವಾಯಿತು, 1950ರ ದಶಕದ ಕೊನೆಗೆ 4000 ದಾಟಿದ್ದವು. ಚಿಕ್ಕ ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬರುವವರೂ ಇದ್ದರು, ಹರೆಯದ ಹುಡುಗರೂ ಇದ್ದರು. ಆ ಹುಡುಗರಿಗಾಗಿಯೇ ಕಡಿಮೆ ಖರ್ಚಿನ ದೆವ್ವದ ಸಿನಿಮಾ, ಕಾರ್ ರೇಸಿನ ಸಿನಿಮಾ ಬೇಕಾದಷ್ಟು ತಯಾರಾದವು. ಕತ್ತಲಾಗದೆ ಶೋ ಇಲ್ಲ, ಮಳೆ ಬಂದರೆ ತೊಂದರೆ, ನಮ್ಮ ಟೆಂಟ್ ಟಾಕೀಸಿನ ಹಾಗೇ.